ಒಬ್ಬರ ಹೆಗಲಿಗೆ ಹೇಳಿದ್ದು

ಚಹಾ ಕುದಿಯುತ್ತಿತ್ತು, ಫೋನಿನೊಳಗೆ ಯಾರೋ ಹೆಂಗಸು ಅಳುತ್ತಿದ್ದಳು. ಜಮುನಾಗೆ ಮೊದಲು ಬಂದದ್ದು ಸಿಟ್ಟು. ವಾರವಿಡೀ ಆಸ್ಪತ್ರೆಯ ವಾರ್ಡಿನಲ್ಲಿ ನರಳುವವರ ನಡುವೆ ಓಡಾಡಿ ಬಂದವಳಿಗೆ ಶನಿವಾರ ಬೆಳಿಗ್ಗೆಯೂ ಇದೇ ಬೇಕೆ? ಈ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ಹೊತ್ತುಗೊತ್ತು ಇಲ್ಲ. ಒಬ್ಬರು ದೇವರ ಅಲಂಕಾರ ಹಾಕಿದರೆ ಅದರ ಬೆನ್ನಿಗೇ ಇನ್ನೊಬ್ಬರು ಸೋಫಾ ಮಾರಾಟಕ್ಕಿದೆ ಎನ್ನುತ್ತಾರೆ. ಅಷ್ಟರಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿನ ಫೆಲ್ಥಮ್ಮಿನ ಮಾಮೂಲಿನಂತೆ, ಚಾವಣಿಗೆ ತಾಗುವ ಹಾಗೆ ವಿಮಾನವೊಂದು ಹಾದು ಅಳುವನ್ನು ಮುಳುಗಿಸಿತು. ಅದು ದಾಟಿಹೋದ ಮೇಲೆ ಅಳು ಹಾಗೆಯೇ ಇತ್ತು. ಅಳುವಿನೊಳಗೆ ಮಾತಿತ್ತು. ಯಾಡಿಯೇ, ಎನ್ನುತ್ತಿದ್ದಳು ಆ ಹೆಂಗಸು. ಅಮ್ಮಾ. ಹೊರಗಿನವರು ಲಂಬಾಣಿ ಎನ್ನುವ, ತಾವು ತಮ್ಮೊಳಗೆ ಗೋರ್ ಬೋಲಿ ಎನ್ನುವ ಮಾತು. ಜಮುನಾಗೆ ಕಣ್ಣು ತುಂಬುವಷ್ಟು ಖುಷಿಯಾಯಿತು. ಇಷ್ಟು ದೊಡ್ಡ ಲಂಡನ್ನಿನಲ್ಲಿ ತನ್ನ ಮಾತಿನವಳು ಇನ್ನೊಬ್ಬಳಿದ್ದಾಳೆ. ಎಲ್ಲಿದ್ದಾಳೋ ಹುಡುಕಬೇಕು, ಊಟಕ್ಕೆ ಕರೆಯಬೇಕು. ಆ ಹೆಂಗಸು ಮೂಗು ಕಟ್ಟಿದ ಉಸಿರನ್ನು ಎಳೆದುಕೊಂಡು ಮುಂದಿನ ಸಾಲು ಎತ್ತಿದಾಗ ಅದು ತಾನೇ ಎಂದು ಗೊತ್ತಾಯಿತು.

ಹಾಕಿದವಳು ಗಾರ್ಗಿ. "ಇವತ್ತು ಮಧ್ಯಾಹ್ನ ಈಸ್ಟ್ ಹ್ಯಾಮ್‌ನಲ್ಲಿ ನಾವೆಲ್ಲ ಸೇರಿ ಹೊಲಿದ ಬಟ್ಟೆಯ ಪ್ರದರ್ಶನ. ನಮ್ಮ ಜಮುನಾ ರಾಠೋಡ್ ಧ್ವನಿ ಕೇಳಿ, ಮೈ ಜುಮ್ ಅನ್ನತ್ತೆ!" ಕೆಳಗೆ ಆಗಲೇ ಕೈಮುಗಿದ ಚಿತ್ರಗಳು, ಕಣ್ಣೀರಿನ ಮುಖಗಳು. ಗಾರ್ಗಿಯ ಗಂಡ, ಕ್ರೋಯ್ಡನ್ನಿನ ಡಾಕ್ಟರ್ ಶೇಷಾದ್ರಿ, ಬಹಳ ಸೊಗಸಾದ ಲಾಲಿಹಾಡು ಎಂದು ಬರೆದಿದ್ದರು. ಲಾಲಿಹಾಡಂತೆ! ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಒರೆಸುವ ಬಟ್ಟೆ ಹಿಡಿದುಕೊಂಡೇ ಅವಳು ಅಮರನಿಗೆ ಫೋನ್ ಮಾಡಿದಳು. ಗಂಡ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಬೆಳಗಿನ ಪಾಳಿಗೆ ಹೋಗಿದ್ದ. "ಕೇಳಿದ್ನಿ, ಚೊಲೋ ಬಂದದಲ್ಲ," ಎಂದ. ಅದು ಏನಂತ ಗೊತ್ತದ ಏನ್ ನಿಮಗ, ಎಂದು ಕೇಳಿದಳು. "ಗೊತ್ತದ ಬಿಡ. ಎಲ್ಲಾರೂ ಮೆಚ್ಚ್ಯಾರ, ನೀ ಯಾಕ ತಲಿ ಕೆಡಿಸ್ಕೋತಿ?" ಹಿಂದೆ ಯಾರೋ ಟ್ರಾಲಿ ತಳ್ಳುವ ಸದ್ದಾಯಿತು, ಅವನು ಆಮೇಲೆ ಮಾಡತೇನಿ ಎಂದು ಇಟ್ಟುಬಿಟ್ಟ.

ಅದು ಢಾವಲೋ. ತಾಂಡಾದಲ್ಲಿ ಮದುವೆಯಾಗಿ ಹೊರಡುವ ಹುಡುಗಿ ತನ್ನವರನ್ನು ಒಬ್ಬೊಬ್ಬರನ್ನಾಗಿ ತಬ್ಬಿ, ಅವರ ಹೆಗಲಿಗೆ ಬಾಯಿಯಿಟ್ಟು ಅಳುತ್ತ ಹೇಳುವುದು. ಅಪ್ಪನಿಗೆ ಬೇರೆ, ಅಣ್ಣನಿಗೆ ಬೇರೆ, ಅಮ್ಮನಿಗೆ ಬೇರೆ. ಗಾಳಿಗೆ ಹೇಳುವಂತಿಲ್ಲ, ಹೆಗಲು ಬೇಕು. ಹೇಳಿಸಿಕೊಂಡವರೂ ಸುಮ್ಮನಿರುವಂತಿಲ್ಲ, ಅವಳು ಉಸಿರಿಗೆ ನಿಂತಲ್ಲಿ ಅವರು ಅಳುತ್ತ ಉತ್ತರ ಕೊಡಬೇಕು. ಉತ್ತರ ಬಂದರೆ ಅದು ಮುಗಿಯಿತು. ಮುಗಿದದ್ದನ್ನು ಮತ್ತೆ ಯಾರೂ ಎತ್ತುವುದಿಲ್ಲ. ವಿಜಯಪುರದ ಆಚೆಯ ತನ್ನ ತಾಂಡಾದಲ್ಲಿ ಜಮುನಾ ಹಿರಿಯ ಹೆಂಗಸರ ಮಗ್ಗುಲಲ್ಲಿ ಕೂತು ಇದನ್ನು ಕಲಿತಿದ್ದಳು. ಆದರೆ ಮದುವೆ ಸೊಲ್ಲಾಪುರದ ಮಂಗಲ ಕಾರ್ಯಾಲಯದಲ್ಲಿ ಆಯಿತು. ಮಾವ ಕಾಲೇಜಿನಲ್ಲಿ ಪ್ರೊಫೆಸರು. ನಾಲ್ಕು ಜನರೆದುರು ಆ ರಂಪ ಬೇಡ ಎಂದು ಮೊದಲೇ ಹೇಳಿ ಕಳಿಸಿದ್ದರು. ಬ್ಯಾಂಡಿನವರು ಸಿನಿಮಾ ಹಾಡು ಬಾರಿಸುತ್ತಿದ್ದಾಗ ಯಾಡಿ ಕಾರಿನ ಹತ್ತಿರ ಎರಡೂ ತೋಳು ಬಿಡಿಸಿಕೊಂಡು ನಿಂತಿದ್ದಳು. ಯಾರೋ ಜಮುನಾಳ ತಲೆಯನ್ನು ಬಗ್ಗಿಸಿ ಒಳಗೆ ಕೂರಿಸಿ ಬಾಗಿಲು ಹಾಕಿದರು. ವಿಮಾನಗಳೆಲ್ಲ ನಿಂತುಹೋಗಿದ್ದ ಆ ವರ್ಷ ಯಾಡಿ ತೀರಿಕೊಂಡಳು. ಫೆಲ್ಥಮ್ಮಿನ ಆಕಾಶ ಅಷ್ಟು ನಿಶ್ಶಬ್ದವಾಗಿದ್ದುದನ್ನು ಜಮುನಾ ಆಗ ಮೊದಲ ಬಾರಿ ನೋಡಿದ್ದು.

ರಿಚ್ಮಂಡಿನಲ್ಲಿ ರೈಲು ಬದಲಿಸಿ ಡಿಸ್ಟ್ರಿಕ್ಟ್ ಲೈನಿನಲ್ಲಿ ಕೂತರೆ ಲಂಡನ್ನಿನ ಈ ತುದಿಯಿಂದ ಆ ತುದಿಗೆ ಎದ್ದೇಳುವ ಕೆಲಸವಿಲ್ಲ. ಪಕ್ಕದಲ್ಲಿ ಮಗಳು ಸೃಷ್ಟಿ ಕಿವಿಗೆ ಬಿಳಿ ಬಿರಡೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು, ತುಟಿ ಮಾತ್ರ ಆಡುತ್ತಿತ್ತು. ಬರುವ ವರ್ಷ ಯೂನಿವರ್ಸಿಟಿಗೆ ಹೋಗುವ ಹುಡುಗಿ. ಬೆಳಿಗ್ಗೆ ಅಮ್ಮ ಆ ಫೋನನ್ನು ಮುಖಕ್ಕೆ ಹಿಡಿದಾಗ "ಓ," ಎಂದಿದ್ದಳು, ಅಷ್ಟೆ. ಇವಳಿಗಾದರೂ ಹೊಟ್ಟೆ ಉರಿಯಬಾರದೇ ಎನಿಸಿತ್ತು ಜಮುನಾಗೆ. ಹುಟ್ಟಿದಾಗಿನಿಂದ ಇವಳೊಂದಿಗೆ ಗೋರ್ ಬೋಲಿಯಲ್ಲೇ ಮಾತಾಡಿದ್ದಳು. ಪಾಣಿ ಲಾ ಎಂದರೆ ಹುಡುಗಿ ನೀರು ತರುತ್ತಿದ್ದಳು, ತಂದು "ಹಿಯರ್" ಎನ್ನುತ್ತಿದ್ದಳು. ಬೈದರೆ "ಸಾರಿ", ಮುದ್ದಿಸಿದರೆ "ಸ್ಟಾಪ್ ಇಟ್, ಮಮ್". ಎಲ್ಲ ಅರ್ಥವಾಗುತ್ತದೆ, ಒಂದು ಶಬ್ದ ವಾಪಸು ಬರುವುದಿಲ್ಲ. ಜಮುನಾಗೆ ಬೇಕಾದದ್ದು ಇಷ್ಟೇ: ಯಾರೂ ಹೇಳಿಕೊಡದೆ, ಯಾರೂ ಕಾಡದೆ, ಒಂದು ದಿನ ಮಗಳ ಬಾಯಿಂದ ಆ ಮಾತು ತಾನಾಗಿ ಬರಬೇಕು. ತಾನು ಸತ್ತರೆ ಈ ಮನೆಯಲ್ಲಿ ಅದನ್ನು ಆಡುವವರು ಯಾರು? ಅಮರ ಅದನ್ನು ಸೊಲ್ಲಾಪುರದಲ್ಲೇ ಬಿಟ್ಟು ಬಂದವನು, ದೇವರ ಮುಂದೆ ಕೂಡ ಕನ್ನಡ ಮಾತಾಡುತ್ತಾನೆ.

ಅದಕ್ಕೇ ವೆರ್ನಾಳ ಶನಿವಾರದ ಹೊಲಿಗೆ ಮೇಜಿಗೆ ಮಗಳನ್ನೂ ಎಳೆದುಕೊಂಡು ಹೋದದ್ದು. ವೆರ್ನಾ ಕೆನಡಾದ ಕ್ರೀ ಜನದವಳು, ಚರ್ಮ ಮತ್ತು ಬಟ್ಟೆಯ ಮೇಲೆ ಮಣಿಯಲ್ಲಿ ಹೂ ಬಿಡಿಸುವ ಕಲಾವಿದೆ. ಅವಳ ಅಮ್ಮನ ನಾಲಗೆಯಿಂದ ಕ್ರೀ ಮಾತನ್ನು ಬೋರ್ಡಿಂಗ್ ಶಾಲೆಯಲ್ಲಿ ಹೊಡೆದು ಬಿಡಿಸಿದ್ದರಂತೆ. ಇವಳು ಊರಿನ ಮುದುಕಿಯರ ಜೊತೆ ಮಣಿ ಪೋಣಿಸುತ್ತ ಪೋಣಿಸುತ್ತ ಒಂದೊಂದೇ ಶಬ್ದವಾಗಿ ಅದನ್ನು ವಾಪಸು ತಂದುಕೊಂಡಳು. ಹೀಗೆ ಸಣ್ಣ ಭಾಷೆಯ ಹೆಂಗಸರು ಸೇರಿ ಒಂದು ದೊಡ್ಡ ಬಟ್ಟೆ ಮಾಡಿದರೆ ಹೇಗೆ ಎಂದು ಅವಳನ್ನು ಲಂಡನ್ನಿಗೆ ಕರೆಸಿದ್ದು ಗಾರ್ಗಿ. ಗಾರ್ಗಿ ಮೈಸೂರಿನ ಸಂಕೇತಿ ಮನೆಯವಳು. "ನಮ್ಮದೂ ಲಿಪಿ ಇಲ್ಲದ ಭಾಷೇನೇ ಕಣ್ರೀ ಜಮುನಾ, ನಾವಿಬ್ರೂ ಒಂದೇ ದೋಣೀಲಿ," ಎಂದಿದ್ದಳು. ಅದಕ್ಕೆ ಮುಂಚೆ ಪ್ರತಿ ಯುಗಾದಿಗೆ ಮಕ್ಕಳ ಫ್ಯಾಷನ್ ಶೋಗೆಂದು ನಿಮ್ಮ ಆ ಕನ್ನಡಿ ಡ್ರೆಸ್ ಕೊಡ್ರೀ ಎಂದು ಕೇಳುತ್ತಿದ್ದವಳು ಅವಳೇ; ಕೊಟ್ಟ ಬಟ್ಟೆ ಸಾರಿನ ಕಲೆ ಹೊತ್ತು ವಾಪಸು ಬರುತ್ತಿತ್ತು. ಆದರೂ ಒಂದೇ ದೋಣಿ ಎಂಬ ಮಾತಿಗೆ ಜಮುನಾ ಕರಗಿಬಿಟ್ಟಳು. ಇಲ್ಲಿಯವರೆಗೆ ಯಾವ ಕನ್ನಡದವರೂ ಅವಳಿಗೆ ಆ ಮಾತು ಹೇಳಿರಲಿಲ್ಲ.

ವೆರ್ನಾಳದು ಒಂದೇ ಕಟ್ಟಳೆ. ಸೂಜಿ ಬಟ್ಟೆಗೆ ಇಳಿಯುವ ಮೊದಲು ಕೈಯಲ್ಲಿರುವುದರ ಹೆಸರನ್ನು ನಿನ್ನ ಮಾತಿನಲ್ಲಿ ಹೇಳು. ಹೆಸರು ಬಾರದಿದ್ದರೆ ಹೊಲಿಯಬೇಡ, ಕೂತಿರು, ಬರುತ್ತದೆ. ಫೋನುಗಳೆಲ್ಲ ಬಿಸ್ಕತ್ತಿನ ಡಬ್ಬಿಗೆ. ವೆರ್ನಾ ಮಣಿ ಎತ್ತಿ ಮೀಕಿಸ್ ಎನ್ನುವಳು, ಮಂಗಳೂರಿನ ಚಂದ್ರಿಕಾ ತುಳುವಿನಲ್ಲಿ ಏನೋ ಹೇಳಿ ತಾನೇ ನಗುವಳು, ಗಾರ್ಗಿ ಮಾತ್ರ ನೂಲಿಗೂ ಗುಂಡಿಗೂ ಸಂಕೇತಿ ಹೆಸರು ಹೊಳೆಯದೆ ಸಾರು ಹುಳಿ ತಂಬುಳಿಗಳ ಹೆಸರು ಹೇಳಿ ಎಲ್ಲರಿಗೂ ಚಹಾ ಹಂಚುವಳು. ಸೃಷ್ಟಿ ಅಮ್ಮನ ಪಕ್ಕದಲ್ಲಿ ಕೂತು ಸೂಜಿಗೆ ಸುಯಿ ಎಂದಳು, ನೂಲಿಗೆ ದೋರಾ ಎಂದಳು, ಕನ್ನಡಿಯ ಚೂರನ್ನು ಬೆರಳಲ್ಲಿ ಹಿಡಿದು ಕಾಚ ಎಂದಳು. ಆ ವಾರವೆಲ್ಲ ಜಮುನಾ ವಾರ್ಡಿನಲ್ಲಿ ಹುರುಪಿನಿಂದ ಓಡಾಡಿದಳು, ಸುಸ್ತೇ ಇಲ್ಲ. ಆಮೇಲೊಂದು ಶನಿವಾರ ಜಮುನಾ ಅಂಚಿಗೆ ಕವಡೆ ಹೊಲಿಯುತ್ತ ಕೋಡಿ ಎಂದಳು. ಇದನ್ನು ಯಾವಾಗ ತೊಡುತ್ತೀರಿ ಎಂದು ವೆರ್ನಾ ಕೇಳಿದಳು. ಮದುವೆಗೆ, ಎನ್ನಲು ಹೋಗಿ ಬಾಯಿಗೆ ಬಂದದ್ದು ಬೇರೆ. ಎದ್ದು ಎರಡು ಹೆಜ್ಜೆ ಹೋಗಿ ವೆರ್ನಾಳ ಹೆಗಲಿಗೆ ಬಿದ್ದದ್ದು ನೆನಪಿದೆ. ಹೊಗೆಸೊಪ್ಪು, ಉಣ್ಣೆ, ಯಾಡಿಯಂಥ ಒಂದು ಮೈ. ನಿನ್ನ ಕೊಡಕ್ಕೆ ನಾಳೆ ಕೈ ಹಚ್ಚುವವರು ಯಾರು ಯಾಡಿ, ನಿನ್ನ ಬೆನ್ನು ತಿಕ್ಕುವವರು ಯಾರು, ನನ್ನನ್ನು ಯಾರ ಅಂಗಳಕ್ಕೆ ಅಟ್ಟುತ್ತಿ. ಉಸಿರಿಗೆ ನಿಂತಲ್ಲಿ ವೆರ್ನಾ, ಒಂದು ಶಬ್ದವೂ ತಿಳಿಯದ ವೆರ್ನಾ, ತಾನೂ ಅಳುತ್ತ ನಿತಾನಿಸ್, ನಿತಾನಿಸ್ ಎಂದಳು. ನನ್ನ ಮಗಳೇ ಎಂದು ಅರ್ಥವಂತೆ, ಆಮೇಲೆ ತಿಳಿಯಿತು. ಆದರೆ ಆಗಲೇ ಉತ್ತರ ಬಂದಾಗಿತ್ತು, ಅದು ಮುಗಿದಿತ್ತು. ಆ ದಿನ ಮನೆಗೆ ಬಂದು ಜಮುನಾ ಎಷ್ಟೋ ವರ್ಷಗಳ ಮೇಲೆ ಸರಿಯಾಗಿ ಊಟ ಮಾಡಿದಳು.

ಗಾರ್ಗಿ ಯಾವಾಗ ಕದ್ದಳು? ಡಬ್ಬಿಯ ಮುಚ್ಚಳ ತೆಗೆದು ಬಿಸ್ಕತ್ತು ಕೊಡುವ ನೆಪದಲ್ಲಿ ಫೋನಿನ ರೆಕಾರ್ಡಿಂಗ್ ಒತ್ತಿದಳೇ? ಹೀಗೆ ಮಾಡುವವಳು ಆಮೇಲೆ ಬೆನ್ನು ಸವರಿ "ಅತ್ತುಬಿಡಿ ಜಮುನಾ, ಹಗುರ ಆಗತ್ತೆ" ಎಂದದ್ದಾದರೂ ಹೇಗೆ? ವೈಟ್‌ಚ್ಯಾಪೆಲ್ ದಾಟುವ ಹೊತ್ತಿಗೆ ಗಾರ್ಗಿಗೆ ಏನೇನು ಅನ್ನಬೇಕೋ ಎಲ್ಲ ಒಪ್ಪವಾಗಿ ಜೋಡಿಸಿಕೊಂಡಾಗಿತ್ತು. ಅಪ್‌ಟನ್ ಪಾರ್ಕಿನ ಹೊತ್ತಿಗೆ ಅದೆಲ್ಲ ಬರೀ ಸಿಟ್ಟಾಗಿ ಕಲಸಿಹೋಯಿತು. ಈಸ್ಟ್ ಹ್ಯಾಮ್‌ನಲ್ಲಿ ಇಳಿದು ಹೈ ಸ್ಟ್ರೀಟ್ ನಾರ್ತಿನ ಸೀರೆ ಅಂಗಡಿಗಳ ಗೊಂಬೆಗಳನ್ನೂ ದೋಸೆಯ ವಾಸನೆಯನ್ನೂ ದಾಟುತ್ತಿದ್ದಾಗ ಸೃಷ್ಟಿ ಕಿವಿಯ ಬಿರಡೆ ತೆಗೆದು, "ಮಮ್, ಪ್ಲೀಸ್ ಡೋಂಟ್ ಬಿ ಆಂಗ್ರಿ ಟುಡೇ," ಎಂದು ಮುಂದೆ ಓಡಿಹೋದಳು.

ಸಭಾಂಗಣದ ಹೊರಗೆ ವೆರ್ನಾ ಕೋಟು ತೊಟ್ಟು ನಿಂತಿದ್ದಳು, ಕೈಯಲ್ಲಿ ಹಚ್ಚದ ಸಿಗರೇಟು. ಒಳಗೆ ಹೋಗುವುದಿಲ್ಲವೇ ಎಂದಳು ಜಮುನಾ. ವೆರ್ನಾ ಅವಳ ಮುಖ ನೋಡಿದಳು. ನೀನು ಒಪ್ಪಿಕೊಂಡದ್ದು ನನಗೆ ಆಶ್ಚರ್ಯವಾಯಿತು, ಎಂದಳು. ನಮ್ಮಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರು ಮುಟ್ಟಬೇಕಾದರೆ ಕೈಯಲ್ಲಿ ಹೊಗೆಸೊಪ್ಪು ಹಿಡಿದು ಹೋಗಿ ಕೇಳಬೇಕು; ನಿನ್ನನ್ನು ಕೇಳಿ ಎಂದು ನಾನು ಇವರಿಗೆಲ್ಲ ಹೇಳಿದೆ; ಕೇಳಿದೆವು, ಹೂಂ ಎಂದಳು ಎಂದರು. ಆದರೂ ನನಗೆ ಅದನ್ನು ಸ್ಪೀಕರಿನ ಡಬ್ಬಿಯಿಂದ ಕೇಳಲಾಗುವುದಿಲ್ಲ, ಅದಕ್ಕೇ ಇಲ್ಲಿ ನಿಂತಿದ್ದೇನೆ.

"ಯಾರು ಹೇಳಿದರು?" ಎಂದಳು ಜಮುನಾ.

ವೆರ್ನಾಗೆ ತಕ್ಷಣ ಎಲ್ಲವೂ ತಿಳಿದುಹೋಯಿತು. ಸಿಗರೇಟನ್ನು ಪೆಟ್ಟಿಗೆಗೆ ವಾಪಸು ತುರುಕಿದಳು. "ನಿನ್ನ ಹುಡುಗಿ," ಎಂದಳು. ಅವತ್ತು ಫೋನು ಅವಳ ಮಡಿಲಿನಲ್ಲೇ ಇತ್ತಂತೆ, ಬಟ್ಟೆಯ ಕೆಳಗೆ. ಅಮ್ಮ ಒಪ್ಪಿದ್ದಾಳೆ ಎಂದು ಬಂದು ಹೇಳಿದವಳೂ ಅವಳೇ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಗಾರ್ಗಿಗಾಗಿ ಇತ್ತು. ಈಗ ಅದನ್ನೆಲ್ಲ ಎಲ್ಲಿ ಸುರಿಯುವುದೆಂದು ತಿಳಿಯದೆ ಜಮುನಾ ಬಾಗಿಲು ತಳ್ಳಿದಳು. ಬಟ್ಟೆ ಗೋಡೆಯ ಉದ್ದಕ್ಕೂ ತೂಗುತ್ತಿತ್ತು, ಮತ್ತು ಅದು ಚಂದವಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಸಂಕಟವಾಯಿತು. ಯಾರಾದರೂ ಅವಳ ಕನ್ನಡಿಗಳ ಮುಂದೆ ಬಂದು ನಿಂತರೆ ಸಾಕು, ಮೇಲಿನ ಸ್ಪೀಕರ್ ತಾನಾಗಿ ಅಳತೊಡಗುತ್ತಿತ್ತು. ಒಬ್ಬ ಮುದುಕ ಬಂದ, ಯಾಡಿಯೇ ಎಂದಿತು. ಅವನು ಬೆಚ್ಚಿ ಪಕ್ಕಕ್ಕೆ ಸರಿದ, ನಿಂತಿತು. ಎಳೆಯ ಹುಡುಗನೊಬ್ಬ ಆಟ ಕಂಡುಕೊಂಡು ಮುಂದೆ ಹಿಂದೆ ಜಿಗಿಯತೊಡಗಿದ. ಯಾಡಿಯೇ. ಯಾಡಿಯೇ. ಅವನ ತಾಯಿ ಎಳೆದುಕೊಂಡು ಹೋದ ಮೇಲೆ ಅಳು ಪೂರ್ತಿಯಾಗಿ ಒಮ್ಮೆ ಸಾಗಿತು, ಉಸಿರಿಗೆ ನಿಂತಿತು, ಮತ್ತೆ ಎತ್ತಿಕೊಂಡಿತು. ನಿಂತಲ್ಲಿ ಏನೂ ಇರಲಿಲ್ಲ.

"ಜಮುನಾ! ಏನ್ರೀ ಇಷ್ಟು ಲೇಟು, ಎಲ್ಲರೂ ನಿಮ್ಮನ್ನೇ ಕೇಳ್ತಿದಾರೆ," ಎಂದು ಗಾರ್ಗಿ ರೇಷ್ಮೆಯ ಸದ್ದು ಮಾಡುತ್ತ ಬಂದಳು.

"ಅದನ್ನ ಬಂದ್ ಮಾಡ್ರಿ."

"ಯಾವ್ದನ್ನ?"

"ನಾ ಅಳೂದನ್ನ."

ಗಾರ್ಗಿ ನಕ್ಕಳು, ಆಮೇಲೆ ನಗಲಿಲ್ಲ. "ಅಯ್ಯೋ, ಎಷ್ಟು ಜನ ಕಣ್ಣೊರೆಸ್ಕೊಂಡ್ರು ಗೊತ್ತಾ ಬೆಳಿಗ್ಗೆಯಿಂದ?"

"ನಡುವ ಆಕಿ ಉತ್ತರಾ ಕೊಟ್ಟಿದ್ಲು. ಅದೆಲ್ಲಿ ಹೋತು?"

"ವೆರ್ನಾದಾ? ಅದು ಕ್ರೀ ಅಲ್ವೇ, ನಿಮ್ಮ ಭಾಗದ ಮುಂದೆ ಕನ್ಫ್ಯೂಸ್ ಆಗತ್ತೆ ಅಂತ ತೆಗೆಸಿದ್ವಿ. ಪ್ಯೂರ್ ಲಂಬಾಣಿ ಇರ್ಲಿ ಅಂತ."

"ನನ್ನ ಒಂದ್ ಮಾತು ಕೇಳಬಾರ್ದಾಗಿತ್ತೇನ್ರೀ?"

"ಸೃಷ್ಟಿ ಹೇಳಿದ್ಳಲ್ಲ ನೀವು ಹೂಂ ಅಂದ್ರಿ ಅಂತ." ಗಾರ್ಗಿ ಸೆರಗು ಸರಿಮಾಡಿಕೊಂಡಳು. "ನಿಜ ಹೇಳ್ಲಾ, ನನಗೂ ಸ್ವಲ್ಪ ಡೌಟಿತ್ತು. ಆದ್ರೆ ನಾನೇ ಕೇಳಿದ್ರೆ ನೀವು ಬೇಡ ಅಂದ್ಬಿಡ್ತಿದ್ರಿ." ಅದು ಸತ್ಯವಾಗಿತ್ತು, ಮತ್ತು ಆ ಸತ್ಯವನ್ನು ಗಾರ್ಗಿ ತನಗೆ ಅನುಕೂಲವಾಗುವಂತೆ ಬಳಸಿಕೊಂಡ ಸಲೀಸಿಗೆ ಜಮುನಾ ದಂಗಾದಳು.

ಮಗಳು ಬಟ್ಟೆಯ ಆ ತುದಿಯಲ್ಲಿ, ವೆರ್ನಾಳ ಮಣಿಹೂಗಳ ಹತ್ತಿರ ನಿಂತಿದ್ದಳು. ಜಮುನಾ ಅವಳ ತೋಳು ಹಿಡಿದು ಗೋರ್ ಬೋಲಿಯಲ್ಲೇ ಕೇಳಿದಳು. "ಯಾಕ ಮಾಡಿದಿ?"

"ಯು ಆರ್ ಹರ್ಟಿಂಗ್ ಮಿ, ಮಮ್."

"ಯಾಕ ಮಾಡಿದಿ ಅಂತ ಕೇಳಾಕತ್ತೀನಿ."

ಸೃಷ್ಟಿಯ ಕಣ್ಣಲ್ಲಿ ನೀರು ಬಂತು. ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದಳು: ಜೀವನವಿಡೀ ಮಾತಾಡು ಮಾತಾಡು ಎಂದು ಬೆನ್ನು ಹತ್ತಿದಿ, ನನಗೆ ಕೊಟ್ಟದ್ದೇನು, ಚಮಚ, ನೀರು, ಚಪ್ಪಲಿ. ನಿನ್ನೊಳಗೆ ಅದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅದನ್ನು ತೆಗೆದು ಯಾರೋ ಹೊರಗಿನವಳಿಗೆ ಕೊಟ್ಟಿ. ನಾನು ಪಕ್ಕದಲ್ಲೇ ಕೂತಿದ್ದೆ. "ಐ ವಾಸ್ ರೈಟ್ ದೇರ್."

ಜಮುನಾ ತೋಳು ಬಿಟ್ಟಳು. ಮೇಲೆ ಬೆರಳಿನ ಗುರುತು ಬಿದ್ದಿತ್ತು. ಅದು ತಾಯಿ ಮಗಳಿಗೆ ಹೇಳುವುದಲ್ಲ, ಮಗಳು ತಾಯಿಗೆ ಹೇಳುವುದು ಎಂದು ತಿದ್ದಬೇಕೆನಿಸಿತು; ಎಷ್ಟು ವರ್ಷ ಕಾದಿದ್ದ ಮಾತುಕತೆ ಇದು, ಇಲ್ಲಿ ಆಗಬೇಕೇ, ಈ ಭಾಷೆಯಲ್ಲಿ? ಬಾಯಿ ತೆರೆಯುವಷ್ಟರಲ್ಲಿ ಮೈಕಿನಲ್ಲಿ ಗಾರ್ಗಿಯ ದನಿ ಎದ್ದಿತು. ಸ್ಪೀಕರ್ ನಿಂತಿತು. ಅಳಿವಿನಂಚಿನ ಒಂದು ಭಾಷೆ ಅಮ್ಮನಿಂದ ಮಗಳಿಗೆ ಹೇಗೆ ದಾಟಿತು ಎಂಬುದನ್ನು ಈಗ ನೀವು ಕಣ್ಣಾರೆ ನೋಡುತ್ತೀರಿ, ನಮ್ಮ ಕ್ರೋಯ್ಡನ್ ಮನೆಯಲ್ಲಿ ಈ ಹುಡುಗಿ ವಾರಗಟ್ಟಲೆ ಅಭ್ಯಾಸ ಮಾಡಿದ್ದಾಳೆ, ಅಮ್ಮನಿಗೆ ಗೊತ್ತೇ ಇಲ್ಲ, ಎಂದಳು. ಜನ ನಕ್ಕರು, ಅರ್ಧವೃತ್ತವಾಗಿ ಸರಿದು ಜಾಗ ಮಾಡಿದರು. ಫೋನುಗಳು ಎದ್ದವು. ಚಂದ್ರಿಕಾ ಕೂಡ ಫೋನು ಎತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು.

ಸೃಷ್ಟಿ ಕಣ್ಣೊರೆಸಿಕೊಂಡು ಅಮ್ಮನ ಕಡೆ ನೋಡಿದಳು. ಬೇಡ ಎಂದು ಜಮುನಾ ತಲೆಯಾಡಿಸಿದಳೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಹುಡುಗಿ ಬಂದು ತಬ್ಬಿಕೊಂಡಳು, ಹೆಗಲಿಗೆ ಬಾಯಿಯಿಟ್ಟಳು. ಯಾಡಿಯೇ. ನಿನ್ನ ಕೊಡಕ್ಕೆ ನಾಳೆ ಕೈ ಹಚ್ಚುವವರು ಯಾರು. ಒಂದು ಅಕ್ಷರ ತಪ್ಪಲಿಲ್ಲ. ತನ್ನ ತಾಂಡಾದ ಹೆಂಗಸರು ಮಾತ್ರ ಎಳೆಯುವ ಹಾಗೆ ಸಾಲಿನ ಕೊನೆಯನ್ನು ಎಳೆದಳು. ಮೂಗು ಕಟ್ಟಿದ ಆ ಉಸಿರನ್ನೂ ಕಲಿತಿದ್ದಳು. ಜಮುನಾಳ ಕುತ್ತಿಗೆ ಒದ್ದೆಯಾಯಿತು. ಹುಡುಗಿ ನಿಜವಾಗಿ ಅಳುತ್ತಿದ್ದಳು. ಇದೇ ತಾನೇ ಬೇಕಾಗಿದ್ದು, ಇದೇ ತಾನೇ ಇಷ್ಟು ವರ್ಷ ಬೇಡಿಕೊಂಡದ್ದು. ಬಂದಿದೆ, ಕದ್ದ ಮಾಲಿನ ಹಾಗೆ ಬಂದಿದೆ, ಆದರೂ ಬಂದಿದೆ. ಸಿಟ್ಟೂ ಮಮತೆಯೂ ಒಟ್ಟಿಗೆ ಏರಿದವು.

ಸೃಷ್ಟಿ ಉಸಿರಿಗೆ ನಿಂತಳು. ಉತ್ತರದ ಜಾಗ ಅದು. ಅದನ್ನು ಜಮುನಾಗೆ ಯಾರೂ ಕಲಿಸಿರಲಿಲ್ಲ, ಕಲಿಸುವುದೂ ಇಲ್ಲ. ಹೇಳಿಸಿಕೊಂಡ ತಾಯಿಗೆ ತಾನಾಗಿ ಬರುತ್ತದೆ. ಬಂದಿತ್ತು, ಗಂಟಲಿನವರೆಗೆ ಬಂದು ನಿಂತಿತ್ತು, ಬೇಟೀ ಎಂದು ಶುರುವಾಗಬೇಕು. ಮಗಳ ಹೆಗಲಿನಾಚೆ ಗಾರ್ಗಿ ಫೋನನ್ನು ಎರಡು ಕೈಯಲ್ಲಿ ಹಿಡಿದು, ಹೇಳಿ, ಹೇಳಿ ಎಂದು ತಲೆಯಾಡಿಸಿ ಹುರಿದುಂಬಿಸುತ್ತಿದ್ದಳು. ಇದನ್ನೂ ಮೇಲಿನ ಸ್ಪೀಕರಿಗೆ ಹಾಕುತ್ತಾರೆ. ನಾಳೆಯಿಂದ ಬಂದವರೆಲ್ಲ ಮುಂದೆ ನಿಂತು ಇದನ್ನೂ ಎಬ್ಬಿಸುತ್ತಾರೆ, ಹಿಂದೆ ಸರಿದು ಇದನ್ನೂ ನಿಲ್ಲಿಸುತ್ತಾರೆ.

ಜಮುನಾ ಮಗಳ ಬೆನ್ನನ್ನು ಎರಡು ಸಲ ತಟ್ಟಿದಳು. "ವೆಲ್ ಡನ್, ಡಾರ್ಲಿಂಗ್," ಎಂದಳು, ವಾರ್ಡಿನಲ್ಲಿ ರಕ್ತ ತೆಗೆದಾದ ಮೇಲೆ ಮುದುಕರಿಗೆ ಹೇಳುವ ದನಿಯಲ್ಲಿ. "ದಟ್ ವಾಸ್ ಲವ್ಲಿ."

ಜನ ಚಪ್ಪಾಳೆ ತಟ್ಟಿದರು. ಸೃಷ್ಟಿ ಅಪ್ಪುಗೆ ಸಡಿಲಿಸಿ ಅಮ್ಮನ ಮುಖ ನೋಡಿದಳು, ಏನೋ ಬಿದ್ದುಹೋದದ್ದನ್ನು ಹುಡುಕುವವಳ ಹಾಗೆ. ಹಾಡು ಮುಗಿದಿತ್ತು, ಕಲಿತದ್ದೆಲ್ಲ ಮುಗಿದಿತ್ತು. ಚಪ್ಪಾಳೆಯ ನಡುವೆ ಇನ್ನಾರಿಗೂ ಕೇಳದಷ್ಟು ಮೆಲ್ಲಗೆ, ಯಾರೂ ಹೇಳಿಕೊಡದ ಒಂದು ಶಬ್ದ ಅವಳ ಬಾಯಿಂದ ಬಂತು.

"ಯಾಡಿ?"

ಜಮುನಾಗೆ ಕೇಳಿಸಿತು.

"ಐ'ಮ್ ಫೈನ್," ಎಂದಳು.